ಕೊಳವೆಬಾವಿ ಲಾಗಿಂಗ್: ಕಲುಷಿತ ನೀರಿನ ಜಾಡು
ಯಲಹಂಕ, ಹೆಬ್ಬಾಳ, ಯಶವಂತಪುರ ಭಾಗದ ನೆಲದಡಿ ಇರುವುದು ನೈಸ್ ಹಾಗೂ ಗ್ರಾನೈಟ್ ಶಿಲೆ. ಅಂತರ್ಜಲವಿರುವುದು ಮೇಲಿನ ಶಿಥಿಲ ಪದರ ಮತ್ತು ಕೆಳಗಿನ ಬಿರುಕುಗಳಲ್ಲಿ. ಕೊಳಚೆ, ಕಾರ್ಖಾನೆ ತ್ಯಾಜ್ಯ ಇಳಿಯುವುದೂ ಇದೇ ಹಾದಿಯಲ್ಲಿ. ಯಶವಂತಪುರ ಸಮೀಪದ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಪತ್ತೆಯಾಗಿರುವುದು ಇದಕ್ಕೆ ನಿದರ್ಶನ.

ಕಲುಷಿತ ನೀರು ಯಾವ ಆಳದಲ್ಲಿ ಒಳಬರುತ್ತಿದೆ ಎಂದು ತಿಳಿಯಲು ಭೂಭೌತಿಕ ಲಾಗಿಂಗ್ ನೆರವಾಗುತ್ತದೆ. ಪಂಪ್ ಮೇಲೆತ್ತಿ, ಕೇಬಲ್‌ಗೆ ಕಟ್ಟಿದ ಶೋಧಕವನ್ನು ಬಾವಿಗೆ ಇಳಿಸಿ, ಪ್ರತಿ ಆಳದ ವಿದ್ಯುತ್ ವಾಹಕತೆ, ಉಷ್ಣಾಂಶ, ರಂಧ್ರದ ವ್ಯಾಸವನ್ನು ದಾಖಲಿಸಲಾಗುತ್ತದೆ. ವ್ಯಾಸ ಹಿಗ್ಗಿದೆಡೆ ಬಿರುಕಿರಬಹುದು. ಅಲ್ಲಿಯೇ ವಾಹಕತೆ ಏರಿದರೆ ಲವಣಾಂಶ ಹೆಚ್ಚಿರುವ ನೀರು ಸೇರುತ್ತಿರುವ ಸುಳಿವು. ದೋಷ ಮೇಲಿನ ಬಿರುಕಿಗಷ್ಟೇ ಸೀಮಿತವಾಗಿದ್ದರೆ ಕೇಸಿಂಗ್ ಇಳಿಸಿ ಅದನ್ನು ಮುಚ್ಚಲು ಯತ್ನಿಸಬಹುದು.

ಆದರೆ ಅತ್ಯಲ್ಪ ಕ್ರೋಮಿಯಂ ವಾಹಕತೆಯಲ್ಲಿ ಗೋಚರಿಸದು. ಭಾರತೀಯ ಮಾನದಂಡದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ ನೈಟ್ರೇಟ್ 45 ಮಿ.ಗ್ರಾಂ, ಕ್ರೋಮಿಯಂ 0.05 ಮಿ.ಗ್ರಾಂ ಮೀರಬಾರದು. ಇದನ್ನು ಪ್ರಯೋಗಾಲಯದ ಪರೀಕ್ಷೆಯಷ್ಟೇ ಖಚಿತಪಡಿಸಬಲ್ಲದು.