ಬೀದಿಯಾಚೆಯ ಜಗಲಿ

ಶ್ರೀನಿವಾಸಪುರದ ಕಡೆಯ ಹಳ್ಳಿಯೊಂದರಲ್ಲಿ ನಾನು ಮಗ್ಗಿ ಕಲಿಯುತ್ತಿದ್ದ ಕಾಲ. ಶಾಲೆಯ ಎದುರು ಮನೆಯ ಜಗಲಿಯ ಮೇಲೆ ನನ್ನದೇ ವಯಸ್ಸಿನ ಹುಡುಗನೊಬ್ಬ ಕುಳಿತಿರುತ್ತಿದ್ದ. ಪೋಲಿಯೋದಿಂದ ಅವನ ಎರಡು ಕಾಲುಗಳೂ ಸೋತಿದ್ದವು. ಹದಿನೇಳರ ಮಗ್ಗಿಯಲ್ಲಿ ನಾನು ತಡವರಿಸಿದಾಗ ಅವನು ಅಲ್ಲಿಂದಲೇ ಕೂಗಿ ಹೇಳಿದ್ದುಂಟು. "ದಿನಾ ಎತ್ಕೊಂಡು ಬರೋರು ಯಾರು ಸ್ವಾಮಿ?" ಎಂದು ಅವನ ತಾಯಿ ಕೇಳಿದರೆ ಮೇಷ್ಟರು ಸುಮ್ಮನಾಗುತ್ತಿದ್ದರು. ನಡುವೆ ಇದ್ದುದು ಒಂದು ಬೀದಿ, ಐದು ಮೆಟ್ಟಿಲು. ಅವನೀಗ ಮಾವಿನ ಮಂಡಿಯೊಂದರಲ್ಲಿ ಬಾಯಿಲೆಕ್ಕ ಹಾಕುತ್ತಾನೆ; ರಸೀತಿಗೆ ಹೆಬ್ಬೆಟ್ಟು ಒತ್ತುತ್ತಾನೆ.

ತಪ್ಪು ಮೇಷ್ಟರದೆಂದೇ ಬಹುಕಾಲ ಎಣಿಸಿದ್ದೆ. ಕಾಯಿದೆಯ ಪುಸ್ತಕ ತೆರೆದ ಮೇಲೆ ಆ ಸಿಟ್ಟು ಇಳಿಯಿತು. ಮಗುವನ್ನು ಶಾಲೆಗೆ ಕಳುಹಿಸುವುದು ತಂದೆತಾಯಿಗಳ ಕರ್ತವ್ಯವೆಂದು 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆ ವಿಧಿಸಿತ್ತು. ಆದರೆ ಕಳುಹಿಸದಿರಲು ಒಪ್ಪತಕ್ಕ ಕಾರಣಗಳಲ್ಲಿ ದೇಹದ ಅಥವಾ ಮನಸ್ಸಿನ ಊನವೂ ಒಂದಾಗಿತ್ತು. ಬಡ ತಂದೆತಾಯಿಗಳಿಗೆ ದಂಡ ಬೀಳದಿರಲೆಂದು ದಯೆಯಿಂದ ಬರೆದ ಮಾತೇ ಇರಬೇಕು. ವಿನಾಯಿತಿ ಸಿಕ್ಕಿದ್ದು ಅವರಿಗೆ, ಶಾಲೆ ತಪ್ಪಿದ್ದು ಮಗುವಿಗೆ.

ನಾಡು ಈ ಮಕ್ಕಳನ್ನು ಪೂರ್ತಿ ಮರೆತಿತ್ತೆನ್ನಲಾಗದು. ಎಂ. ಶ್ರೀನಿವಾಸರಾಯರು 1901ರಷ್ಟು ಹಿಂದೆಯೇ ಮೈಸೂರಿನಲ್ಲಿ ಅಂಧರಿಗೂ ಕಿವುಡರಿಗೂ ಶಾಲೆ ತೆರೆದಿದ್ದರು. ದೊಡ್ಡ ಕೆಲಸವೇ ಸರಿ. ಆದರೆ ಮುಳಬಾಗಿಲಿನ ಆರು ವರ್ಷದ ಮಗುವಿಗೆ ಮೈಸೂರೆಂದರೆ ಹೆತ್ತವರನ್ನು ಬಿಟ್ಟು ಹೋಗುವ ಊರು.

ಕನ್ನಡದ ಮೇಷ್ಟರಾದ ನನಗೆ ಕಾಯಿದೆಯಲ್ಲಿಯೂ ಕ್ರಿಯಾಪದದ ಮೇಲೆಯೇ ಕಣ್ಣು. 1995ರ ಅಂಗವಿಕಲರ ಕಾಯಿದೆ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣವೆಂದಿತು. ಸಾಮಾನ್ಯ ಶಾಲೆಗೆ ಸೇರಿಸುವ ವಿಷಯದಲ್ಲಿ ಮಾತ್ರ ಸರ್ಕಾರ "ಪ್ರಯತ್ನಿಸಬೇಕು" ಎಂದು ದನಿ ತಗ್ಗಿಸಿತು. 2016ರ ಕಾಯಿದೆ ಊನಗಳ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು. ಶೇಕಡಾ 40 ಅಥವಾ ಅದಕ್ಕೆ ಮೇಲ್ಪಟ್ಟ ಊನವುಳ್ಳ 6ರಿಂದ 18ರ ವಯಸ್ಸಿನ ಮಗುವಿಗೆ ನೆರೆಯ ಶಾಲೆಯನ್ನಾಗಲಿ ವಿಶೇಷ ಶಾಲೆಯನ್ನಾಗಲಿ ಆರಿಸಿಕೊಳ್ಳುವ ಹಕ್ಕು ಕೊಟ್ಟಿತು. ಐದು ಮೆಟ್ಟಿಲಿನ ಹೊಣೆ ಶಾಲೆಯ ಮೇಲೆ ಬಿದ್ದಿತು. ಇಂಥ ಹತ್ತು ಮಕ್ಕಳಿಗೆ ಪ್ರಾಥಮಿಕ ತರಗತಿಗಳಲ್ಲಿ ಒಬ್ಬ ವಿಶೇಷ ಶಿಕ್ಷಕನಿರಬೇಕೆಂದು ಕೇಂದ್ರ ಸರ್ಕಾರ 2022ರಲ್ಲಿ ಗೊತ್ತುಪಡಿಸಿತು.

ನನ್ನನ್ನು ಕಾಡುವುದು ಇನ್ನೊಂದು ಮಾತು. ಶಿಕ್ಷಣ ಹಕ್ಕು ಕಾಯಿದೆಗೆ 2012ರಲ್ಲಿ ಬಂದ ತಿದ್ದುಪಡಿ, ತೀವ್ರ ಊನವುಳ್ಳ ಮಗು ಮನೆಯಲ್ಲೇ ಶಿಕ್ಷಣ ಪಡೆಯುವುದನ್ನು ಆರಿಸಿಕೊಳ್ಳಬಹುದೆಂದಿತು. ಹಾಸಿಗೆ ಬಿಟ್ಟೇಳಲಾಗದ ಮಗುವಿಗೆ ಅದು ಬೇಕು, ನಿಜ. ಆದರೆ ಇಳಿಜಾರು ದಾರಿಯಿಲ್ಲದ, ವಿಶೇಷ ಶಿಕ್ಷಕನಿಲ್ಲದ ಕಡೆ ಮಾಲೂರಿನ ಒಬ್ಬ ಕೂಲಿಯ ಹೆಂಗಸು ಬೇರೆ ಯಾವುದನ್ನು ಆರಿಸಿಯಾಳು? ಮನೆ ಎಂದು ಬರೆದುಕೊಳ್ಳುವ ಮುನ್ನ, ಮಗುವನ್ನು ಕರೆತರಲು ಶಾಲೆ ಏನೇನು ಮಾಡಿತೆಂಬುದನ್ನು ಮುಖ್ಯೋಪಾಧ್ಯಾಯರು ಬರೆದು ರುಜು ಹಾಕಬೇಕು. ಆ ಒಂದು ಸಾಲು ಕಾಯಿದೆಗೆ ಸೇರಲಿ.