ಸ್ಪಿಟ್ಜರ್, ಲೈಮನ್
1914-1997. ಅಮೆರಿಕದ ಖಗೋಳ ಭೌತವಿಜ್ಞಾನಿ. ನಿಯಂತ್ರಿತ ಪರಮಾಣು ಸಮ್ಮಿಲನ ಸಂಶೋಧನೆಯ ಆದ್ಯ ಪ್ರವರ್ತಕರಲ್ಲೊಬ್ಬ. ಜನನ ಒಹಾಯೋ ಸಂಸ್ಥಾನದ ಟೊಲೀಡೊದಲ್ಲಿ. 1947ರಲ್ಲಿ ಪ್ರಿನ್ಸ್‌ಟನ್ ವೀಕ್ಷಣಾಲಯದ ನಿರ್ದೇಶಕನಾಗಿ, ನಕ್ಷತ್ರಾಂತರಾಳದ ವಿರಳಾನಿಲಗಳ ಅಧ್ಯಯನದಲ್ಲಿ ಮಗ್ನನಾಗಿದ್ದ ಈತನ ಚಿತ್ತವು ಸಮ್ಮಿಲನದತ್ತ ತಿರುಗಿದುದು, ಅರ್ಜೆಂಟೀನದ ಅಧ್ಯಕ್ಷ ಪೆರೋನ್ 1951ರ ಮಾರ್ಚ್ ತಿಂಗಳಲ್ಲಿ ಆ ಶಕ್ತಿ ತನ್ನ ದೇಶಕ್ಕೆ ಕರಗತವಾಯಿತೆಂದು ಮಾಡಿದ, ಮುಂದೆ ನಿರಾಧಾರವೆಂದು ಸಿದ್ಧವಾದ ಘೋಷಣೆಯಿಂದ. ಆ ದಿನಗಳಲ್ಲಿ ಆಸ್ಪೆನ್ನಿನ ಹಿಮದಿಳಿಜಾರುಗಳಿಗೆ ವಿಹಾರಾರ್ಥ ಹೋಗಿದ್ದ ಈತ, ಬೆಟ್ಟವನ್ನೇರುವ ತೂಗುಕುರ್ಚಿಯಲ್ಲಿ ಕುಳಿತೇ ಸಮಸ್ಯೆಯನ್ನು ಮಥಿಸಿದನು. ಕೋಟ್ಯಂತರ ಡಿಗ್ರಿ ಉಷ್ಣತೆಯ ಪ್ಲಾಸ್ಮವನ್ನು ಕಾಂತಕ್ಷೇತ್ರವೇ ಧರಿಸಬೇಕು. ಆದರೆ ಬಳೆಯಾಕಾರದ ಸರಳ ನಾಳದಲ್ಲಿ ಕ್ಷೇತ್ರವು ಒಳಬದಿಯಲ್ಲಿ ಪ್ರಬಲವಾಗಿ ಹೊರಬದಿಯಲ್ಲಿ ಕ್ಷೀಣವಾಗಿರುವುದರಿಂದ ಅಯಾನುಗಳೂ ಎಲೆಕ್ಟ್ರಾನುಗಳೂ ಪರಸ್ಪರ ವಿರುದ್ಧ ದಿಕ್ಕುಗಳಿಗೆ ಸರಿದು, ಹೀಗೆ ಬೇರ್ಪಟ್ಟ ಆವೇಶಗಳ ನಡುವಣ ವಿದ್ಯುತ್‌ಕ್ಷೇತ್ರವು ಹೊರಕ್ಕೆ ತಳ್ಳುವುದರಿಂದ ಪ್ಲಾಸ್ಮವು ಹೊರಗೋಡೆಯನ್ನು ತಾಗುವುದು. ನಾಳವನ್ನು 8ರ ಆಕೃತಿಗೆ ತಿರುಚಿದಲ್ಲಿ ಒಂದು ತಿರುವಿನ ಸರಿತವನ್ನು ಇನ್ನೊಂದು ತಿರುವು ಬಹುಮಟ್ಟಿಗೆ ಅಳಿಸುವುದೆಂಬ ಈತನ ಸುಂದರವಾದ ಉಪಾಯವೇ ‘ಸ್ಟೆಲರೇಟರ್’. ಅದೇ ವರ್ಷ ‘ಮ್ಯಾಟರ್‌ಹಾರ್ನ್’ ಎಂಬ ರಹಸ್ಯಯೋಜನೆ ಆರಂಭವಾಯಿತು. 1958ರ ಜಿನೀವಾ ಸಮ್ಮೇಳನದ ವೇಳೆಗೆ ಗೋಪ್ಯದ ತೆರೆ ಸರಿಯಿತು. 1961ರಲ್ಲಿ ಆ ಯೋಜನೆಯು ಪ್ರಿನ್ಸ್‌ಟನ್ ಪ್ಲಾಸ್ಮ ಭೌತಶಾಸ್ತ್ರ ಪ್ರಯೋಗಶಾಲೆಯೆಂಬ ಹೆಸರನ್ನು ತಳೆಯಿತು. 1956ರಲ್ಲಿ ಪ್ರಕಟವಾದ, ಪೂರ್ಣ ಅಯಾನೀಕೃತ ಅನಿಲಗಳನ್ನು ಕುರಿತ ಈತನ ಕಿರುಗ್ರಂಥವು ಇಂದಿಗೂ ಆದರಣೀಯ. ಪ್ಲಾಸ್ಮದಲ್ಲೇ ಹರಿಸಿದ ವಿದ್ಯುತ್‌ಪ್ರವಾಹದಿಂದ ಕಾಂತಕ್ಷೇತ್ರವನ್ನು ತಿರುಚುವ ಬಳೆಯಾಕಾರದ ಸೋವಿಯತ್ ಸಾಧನವಾದ ಟೋಕಮಾಕಿನ ಉತ್ಕೃಷ್ಟ ಫಲಿತಾಂಶಗಳ ತರುವಾಯ ಪ್ರಿನ್ಸ್‌ಟನ್ನಿನ ಮುಖ್ಯ ಸ್ಟೆಲರೇಟರೇ 1970ರಲ್ಲಿ ಟೋಕಮಾಕಾಗಿ ಪರಿವರ್ತಿತವಾಯಿತಾದರೂ ಮೂಲಕಲ್ಪನೆ ನಶಿಸಲಿಲ್ಲ. 2015ರಲ್ಲಿ ಜರ್ಮನಿಯಲ್ಲಿ ಕಾರ್ಯಾರಂಭಿಸಿದ ವೆಂಡೆಲ್‌ಸ್ಟೈನ್ 7-ಎಕ್ಸ್ ಅದರ ಪರಿಷ್ಕೃತ ರೂಪ. ಬಾಹ್ಯಾಕಾಶದಲ್ಲಿ ದೂರದರ್ಶಕವನ್ನು ಸ್ಥಾಪಿಸಬೇಕೆಂದು 1946ರಷ್ಟು ಹಿಂದೆಯೇ ಪ್ರತಿಪಾದಿಸಿದವನೂ ಈತನೇ.