ಬಳೆ ತೊಟ್ಟ ಕೈಗೆ ಬಾಯಿಲ್ಲವೆ?

ನಮ್ಮಲ್ಲಿ ಒಂದು ಗಾದೆ ಇದೆ. ಅಳೋ ಗಂಡಸನ್ನ, ನಗೋ ಹೆಂಗಸನ್ನ ನಂಬಬಾರದು. ಗಾದೆ ವೇದಕ್ಕೆ ಸಮ ಅಂತಾರೆ. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹೊಯ್ಯಿರಿ ಅಂದವರ ನಾಡು ಇದು. ಗಾದೆಯನ್ನಾದರೂ ಬಿಚ್ಚಿ ನೋಡುವ ಹಕ್ಕು ನಮಗಿದೆ. ಗಂಡಸು ನೋವು ಬಂದರೂ ಅಳಬಾರದು, ಹೆಂಗಸು ಸುಖ ಬಂದರೂ ನಗಬಾರದು ಅನ್ನುತ್ತದೆ ಈ ಗಾದೆ. ಇಬ್ಬರ ಬಾಯಿಗೂ ಬೀಗ. ಆದರೆ ಗಂಡಸಿಗೆ ಅಳು ಒಂದನ್ನು ಬಿಟ್ಟು ಮಿಕ್ಕ ಮಾತೆಲ್ಲ ಸಿಕ್ಕಿತು. ನ್ಯಾಯ ಹೇಳುವ ಮಾತು, ಬೈಯುವ ಮಾತು, ಸಭೆಯ ಮಾತು, ಶಾಸನದ ಮಾತು. ಹೆಂಗಸು ಸುಮ್ಮನಿದ್ದರೆ ಗರತಿ, ಬಾಯಿ ಬಿಟ್ಟರೆ ಬಜಾರಿ, ನಾಲ್ಕು ಜನ ಕೂಡಿದರೆ ಸಂತೆ.

ಹೆಣ್ಣಿನ ಮಾತೇ ಬೇರೆ, ಗಂಡಿನ ಮಾತೇ ಬೇರೆ, ಅದು ಹುಟ್ಟುಗುಣ ಅಂತ ಓದಿದವರೂ ಹೇಳುತ್ತಾರೆ. ಹುಟ್ಟುಗುಣವೋ, ಕಟ್ಟಿ ಕಲಿಸಿದ ಗುಣವೋ? ಇದನ್ನು ಚರಿತ್ರೆಯನ್ನೇ ಕೇಳಬೇಕು. ದೂರ ಹೋಗೋದು ಬೇಡ. ಬೆಂಗಳೂರಿನ ಉತ್ತರ ದಿಕ್ಕಿನ ಹೆಬ್ಬಾಳ, ಯಲಹಂಕ, ಯಶವಂತಪುರದ ಕಡೆ ಒಂದು ಸುತ್ತು ಹಾಕಿ ಬರೋಣ.

೨೦೧೮ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಒಂದು ಶಾಸನದ ಕಲ್ಲು ಸಿಕ್ಕಿತು. ಸುಮಾರು ಕ್ರಿ.ಶ. ೭೫೦ರದ್ದು, ಗಂಗರ ಶ್ರೀಪುರುಷನ ಕಾಲದ್ದು. ಬೆಂಗಳೂರಿನ ಬಹಳ ಹಳೆಯ ಕನ್ನಡ ಶಾಸನಗಳಲ್ಲಿ ಇದೂ ಒಂದು. ಹೆಬ್ಬಾಳದ ಹಳೇ ಹೆಸರು ಪೆರ್ಬೊಳಲ್ ಅನ್ನೋದು ಇದರಿಂದ ತಿಳಿಯಿತು. ರಟ್ಟವಾಡಿಯ ದಂಡು ಬಂದು ಊರು ಅಳಿಯುವಾಗ ಕಿತ್ತಯ್ಯ ಎಂಬವನು ಹೊಡೆದಾಡಿ ಸತ್ತ, ಇಂದ್ರಲೋಕ ಸೇರಿದ ಅಂತ ಕಲ್ಲು ಹೇಳುತ್ತದೆ. ಆಳುತ್ತಿದ್ದ ರಾಜನ ಹೆಸರಿದೆ, ಸತ್ತವನ ಹೆಸರಿದೆ. ಊರು ಉರಿಯುವಾಗ ಮಕ್ಕಳನ್ನು ಕಂಕುಳಿಗೇರಿಸಿಕೊಂಡು ಓಡಿದವರು ಯಾರು? ಸತ್ತವರನ್ನು ಹೊತ್ತು ಮಣ್ಣು ಮಾಡಿದವರು ಯಾರು? ಮಾರನೇ ದಿನ ಒಲೆ ಹೊತ್ತಿಸಿದವರು ಏನು ಮಾತಾಡಿಕೊಂಡರು? ಅದನ್ನು ಕಲ್ಲಿಗೆ ಹಾಕಿಸುವಷ್ಟು ದುಡ್ಡು, ಹೊಲ, ಅಧಿಕಾರ ಅವರ ಹತ್ತಿರ ಇರಲಿಲ್ಲ. ನಾಡಿನ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಯಲ್ಲಿ ಗಂಡಸು ಹೊಡೆದಾಡುತ್ತಾನೆ. ಮೇಲಿನ ಪಟ್ಟಿಯಲ್ಲಿ ದೇವಲೋಕದ ಹೆಂಗಸರು ಅವನನ್ನು ತೋಳು ಹಿಡಿದು ಕರಕೊಂಡು ಹೋಗುತ್ತಾರೆ. ಸತ್ತ ಮೇಲೂ ಅವನ ಚಾಕರಿಗೆ ಹೆಂಗಸರೇ.

ಇನ್ನು ಹೆಂಗಸಿಗೇ ಅಂತ ನಿಲ್ಲಿಸಿದ ಕಲ್ಲು ಮಾಸ್ತಿಕಲ್ಲು. ಬೆಂಗಳೂರು, ಕೋಲಾರ ಸೀಮೆಯಲ್ಲಿ ಇವು ಬೇಕಾದಷ್ಟಿವೆ. ಹಲವು ಕಲ್ಲುಗಳಲ್ಲಿ ಅವಳ ಮುಖವೂ ಇಲ್ಲ. ಒಂದು ಕಂಬ, ಕಂಬದಿಂದ ಹೊರಟು ಮೊಣಕೈ ಮಡಿಸಿ ಮೇಲೆತ್ತಿದ ಒಂದು ತೋಳು, ತೋಳಿಗೆ ಬಳೆ. ಗಂಡನ ಜೊತೆ ಬೆಂಕಿಗೆ ಬಿದ್ದವಳಲ್ಲಿ ಅವರಿಗೆ ಬೇಕಾದದ್ದು ಬಳೆ ಉಳಿಸಿಕೊಂಡ ಆ ಕೈ ಮಾತ್ರ. ಬಾಯಿ ಬೇಕಾಗಿರಲಿಲ್ಲ. ಬೆಂಕಿಯಲ್ಲಿ ಆ ಬಾಯಿ ಏನೆಂದು ಕೂಗಿತೋ ಯಾರು ಬರೆದರು?

೧೯೧೬ರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಭಾರತದ ಜಾತಿಗಳ ಬಗ್ಗೆ ಒಂದು ಪ್ರಬಂಧ ಓದಿದರು. ಆಗ ಅವರಿಗೆ ಇಪ್ಪತ್ತೈದು ವರ್ಷ. ಜಾತಿ ಉಳಿಯೋದು ತನ್ನೊಳಗೇ ಮದುವೆ ಮಾಡಿಕೊಳ್ಳುವುದರಿಂದ, ಅದಕ್ಕಾಗಿ ಹೆಣ್ಣಿಗೆ ಕಾವಲು ಹಾಕಬೇಕಾಯಿತು, ಸತಿ ಹೋಗುವುದು, ವಿಧವೆಯನ್ನು ವಿಧವೆಯಾಗೇ ಇಡುವುದು, ಎಳೇ ಹುಡುಗಿಯ ಮದುವೆ ಇವೆಲ್ಲ ಆ ಕಾವಲಿನ ಉಪಾಯಗಳು ಅಂತ ಅವರು ತೋರಿಸಿದರು. ಆಮೇಲೆ ಅದನ್ನೇ ಪತಿಭಕ್ತಿ ಅಂತ ಹಾಡಿ ಹೊಗಳಿದರು. ಮಾಸ್ತಿಕಲ್ಲಿನ ಮುಂದೆ ನಿಂತಾಗ ಈ ಪ್ರಬಂಧ ನೆನಪಾಗಬೇಕು. ಹೆಣ್ಣಿನ ಗುಣ ಅಂತ ನಾವು ಕರೆಯೋದರ ಬುಡದಲ್ಲಿ ಜಾತಿಯ ಲೆಕ್ಕಾಚಾರ ಇದೆ.

ಹೆಬ್ಬಾಳದಿಂದ ಯಲಹಂಕಕ್ಕೆ ಬನ್ನಿ. ೧೫೩೭ರಲ್ಲಿ ಬೆಂಗಳೂರು ಕೋಟೆ ಕಟ್ಟಿಸಿದ ಅಂತ ಹೇಳುವ ಕೆಂಪೇಗೌಡ ಯಲಹಂಕದ ನಾಡಪ್ರಭು. ಕೋಟೆಯ ದಕ್ಷಿಣದ ಬಾಗಿಲು ಕಟ್ಟಿದಷ್ಟೂ ಬೀಳುತ್ತಿತ್ತಂತೆ. ಗರ್ಭಿಣಿಯ ಬಲಿ ಬೇಕು ಅಂತ ಶಾಸ್ತ್ರ ಹೇಳಿದರಂತೆ. ಗೌಡನ ಸೊಸೆ ಲಕ್ಷ್ಮಮ್ಮ ರಾತ್ರಿ ಹೊತ್ತು ಯಾರಿಗೂ ಹೇಳದೆ ಹೋಗಿ ತನ್ನ ತಲೆ ತಾನೇ ಕಡಿದುಕೊಂಡಳಂತೆ. ಇದು ಐತಿಹ್ಯ, ಶಾಸನ ಅಲ್ಲ. ಕೋರಮಂಗಲದಲ್ಲಿ ಅವಳ ಗುಡಿ ಇದೆ. ಸತ್ಯವೋ ಸುಳ್ಳೋ, ಈ ಕತೆಯನ್ನು ನಾವು ಎಷ್ಟು ಇಷ್ಟಪಟ್ಟು ಹೇಳುತ್ತೇವೆ ನೋಡಿ. ಬಾಗಿಲು ಯಾಕೆ ಬೀಳುತ್ತೆ ಅಂತ ಒಡ್ಡರನ್ನು, ಕಲ್ಲುಕುಟಿಗರನ್ನು ಕೇಳಲಿಲ್ಲ. ಶಾಸ್ತ್ರದವನನ್ನು ಕೇಳಿದರು. ಅವನು ಮಾತಾಡಿದ, ಗೌಡ ಚಿಂತೆ ಮಾಡಿದ, ಸೊಸೆ ಮಾತಿಲ್ಲದೆ ಸತ್ತಳು. ಆ ಮಾತಿಲ್ಲದ್ದನ್ನೇ ತ್ಯಾಗ ಅಂದರು.

ಉತ್ತರ ಕರ್ನಾಟಕದ ‘ಕೆರೆಗೆ ಹಾರ’ ಹಾಡು ನಿಮಗೆ ಗೊತ್ತು. ಅಲ್ಲೂ ನೀರಿಗಾಗಿ ಸೊಸೆಯ ಬಲಿ. ಆದರೆ ಈ ಹಾಡು ಹೆಂಗಸರ ಬಾಯಲ್ಲಿ ಉಳಿದುಬಂದದ್ದು. ಆದ್ದರಿಂದ ಗೌಡರ ಕತೆಯಲ್ಲಿ ಇಲ್ಲದ ಒಂದು ಸಂಗತಿ ಅದರಲ್ಲಿದೆ. ಸಾಯುವ ಮುಂಚೆ ಭಾಗೀರಥಿ ತವರಿಗೆ ಹೋಗುತ್ತಾಳೆ. ಅಪ್ಪ ಅವ್ವ ಯಾಕಮ್ಮ ಅಂತ ಕೇಳಿದರೆ ಏನೋ ಸಬೂಬು ಹೇಳುತ್ತಾಳೆ. ನಿಜ ಹೇಳೋದು ಗೆಳತಿಯ ಮುಂದೆ ಮಾತ್ರ. ಗೆಳತಿಯ ಹತ್ತಿರವೂ ದಾರಿ ಇಲ್ಲ, ಆದರೂ ಕೇಳುವ ಕಿವಿ ಇದೆ. ಅಂದರೆ ಹೆಣ್ಣಿಗೆ ಮಾತು ಬಾರದೆ ಇರಲಿಲ್ಲ. ಯಾರ ಮುಂದೆ ಆಡಿದರೆ ಬೆಲೆ ಇದೆ, ಯಾರ ಮುಂದೆ ಆಡಿದರೆ ಅಪಾಯ ಇದೆ ಅನ್ನೋದು ಅವಳಿಗೆ ಗೊತ್ತಿತ್ತು.

ಇದು ಹೆಣ್ಣಿನ ವಿಷಯ, ನಮಗೇನು ಅನ್ನುವ ಗೆಳೆಯರು ಸ್ವಲ್ಪ ತಮ್ಮ ಅಪ್ಪ ತಾತಂದಿರನ್ನು ನೆನೆಸಿಕೊಳ್ಳಲಿ. ಗೌಡನ ಜಗಲಿಯ ಕೆಳಗೆ ಟವಲ್ಲು ಸೊಂಟಕ್ಕೆ ಸುತ್ತಿಕೊಂಡು, ತಲೆ ತಗ್ಗಿಸಿ ನಿಂತು ಅವರು ಆಡಿದ ಮಾತು ಯಾವುದು? ‘ಬುದ್ದೀ, ತಪ್ಪು ತಿಳೀಬ್ಯಾಡಿ, ಏನೋ ಒಂದು ಮಾತು ಕೇಳಾನಾ ಅಂತ...’ ಅರ್ಧಕ್ಕೇ ನಿಂತ ಮಾತು. ಮುಖ ನೋಡದ ಮಾತು. ಹೌದೋ ಅಲ್ಲವೋ ಅಂತ ಅವನನ್ನೇ ಕೇಳುವ ಮಾತು. ಇದನ್ನೇ ಅಲ್ಲವೇ ಹೆಂಗಸಿನ ಮಾತಿನ ಗುಣ ಅನ್ನೋದು?

೧೯೭೫ರಲ್ಲಿ ರಾಬಿನ್ ಲೇಕಾಫ್ ಎಂಬ ಅಮೆರಿಕದ ಭಾಷಾತಜ್ಞೆ ಹೆಂಗಸರ ಭಾಷೆಯ ಲಕ್ಷಣಗಳನ್ನು ಪಟ್ಟಿಮಾಡಿದರು. ಅನುಮಾನಿಸಿ ಹೇಳುವುದು, ವಿನಯ ಜಾಸ್ತಿ, ಕೊನೆಗೊಂದು ‘ಅಲ್ಲವೇ?’ ಹೀಗೆ. ೧೯೮೦ರಲ್ಲಿ ಒಬಾರ್, ಅಟ್ಕಿನ್ಸ್ ಎಂಬ ಇಬ್ಬರು ಉತ್ತರ ಕೆರೊಲಿನಾದ ಕೋರ್ಟುಗಳಲ್ಲಿ ಸಾಕ್ಷಿಗಳ ಮಾತನ್ನು ಪರೀಕ್ಷೆ ಮಾಡಿ ಬರೆದರು. ಆ ಲಕ್ಷಣಗಳು ಎಲ್ಲ ಹೆಂಗಸರಲ್ಲೂ ಇರಲಿಲ್ಲ. ಅನುಭವ, ಸ್ಥಾನಮಾನ ಇದ್ದ ಹೆಂಗಸರು ಗಟ್ಟಿಯಾಗಿ ಮಾತಾಡಿದರು. ಸ್ಥಾನವಿಲ್ಲದ ಗಂಡಸರ ಬಾಯಲ್ಲಿ ಅದೇ ‘ಹೆಂಗಸಿನ ಮಾತು’ ಬಂತು. ಇದು ಹೆಣ್ಣಿನ ಭಾಷೆ ಅಲ್ಲ, ಅಧಿಕಾರವಿಲ್ಲದವರ ಭಾಷೆ ಅಂತ ಅವರು ಅಂದರು. ಕೋರ್ಟಿಗೆ ಹೋಗದೆಯೂ ನಮ್ಮ ಕೇರಿಗೆ ಇದು ಗೊತ್ತಿತ್ತು. ಕೇರಿಗೆ ಗೊತ್ತಿದ್ದೂ ಒಪ್ಪಿಕೊಳ್ಳದ ಇನ್ನೊಂದು ಮಾತೂ ಇದೆ. ಜಗಲಿಯ ಕೆಳಗೆ ಬಾಗಿ ನಿಂತವನು ಗುಡಿಸಲಿಗೆ ಬಂದು ಹೆಂಡತಿಯ ಮುಂದೆ ತಾನೇ ಗೌಡನಾದ. ಅಲ್ಲಿ ನುಂಗಿದ ಬೈಗುಳವನ್ನು ಇಲ್ಲಿ ಕಕ್ಕಿದ.

ಈಗ ತುಮಕೂರು ರಸ್ತೆಗೆ ಬನ್ನಿ. ಯಶವಂತಪುರ ದಾಟಿದರೆ ಜಾಲಹಳ್ಳಿ ಕ್ರಾಸ್, ಪೀಣ್ಯ. ಇಲ್ಲಿನ ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲಿ ಮಿಷನ್ ತುಳಿಯುವವರು ಬಹುಪಾಲು ಹೆಂಗಸರು. ಸುತ್ತಿನ ಹಳ್ಳಿಗಳಿಂದ, ತುಮಕೂರು, ಮಂಡ್ಯ, ಕೋಲಾರದ ಕಡೆಯಿಂದ ಬಂದವರು. ಹೆಂಗಸರ ಬೆರಳು ಸೂಕ್ಷ್ಮ, ತಾಳ್ಮೆ ಜಾಸ್ತಿ, ತಕರಾರು ಕಮ್ಮಿ ಅಂತ ಅವರನ್ನೇ ಆರಿಸಿದ್ದು. ಅಂದರೆ ಮಾಸ್ತಿಕಲ್ಲಿನ ಲೆಕ್ಕವೇ. ಕೈ ಬೇಕು, ಬಾಯಿ ಬೇಡ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ಟು. ಲೈನಿನ ಮೇಲೆ ನಿಲ್ಲುವ ಸೂಪರ್‌ವೈಸರ್ ಸಾಮಾನ್ಯವಾಗಿ ಗಂಡಸು. ಅವನದು ‘ಏನೇ, ಹೋಗೇ’. ಇವಳದು ‘ಸಾರ್’. ಅವನಿಗಿಂತ ಹತ್ತು ವರ್ಷ ದೊಡ್ಡವಳಾದರೂ ‘ಸಾರ್’.

೨೦೧೬ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಒಂದು ಆದೇಶ ಹೊರಡಿಸಿತು. ಕೆಲಸ ಬಿಟ್ಟರೂ ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು ೫೮ ವರ್ಷ ತುಂಬುವ ತನಕ ತೆಗೆಯುವ ಹಾಗಿಲ್ಲ ಅಂತ. ಮಿಷನ್ ಮುಂದೆ ಐವತ್ತೆಂಟರ ತನಕ ಯಾರು ಕೂರುತ್ತಾರೆ? ಸೊಂಟ ಹೋಗುತ್ತೆ, ಕಣ್ಣು ಹೋಗುತ್ತೆ. ಮಗಳ ಮದುವೆ, ಮಗನ ಫೀಜು, ಕೈಸಾಲ ಇದಕ್ಕೆಲ್ಲ ಅವರಿಗಿದ್ದ ಗಂಟು ಅದೊಂದೇ. ಏಪ್ರಿಲ್ ೧೮ರಂದು ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ ಹೆಂಗಸರು ಬೀದಿಗಿಳಿದರು. ೧೯ರಂದು ಪೀಣ್ಯ, ಜಾಲಹಳ್ಳಿ ಕ್ರಾಸ್ ತುಂಬಿತು, ತುಮಕೂರು ರಸ್ತೆ ನಿಂತಿತು. ಯಾವ ದೊಡ್ಡ ಯೂನಿಯನ್ನಿನ ಕರೆಯೂ ಇರಲಿಲ್ಲ, ಮೈಕು ಹಿಡಿದ ನಾಯಕನೂ ಇರಲಿಲ್ಲ. ಸುದ್ದಿ ಬಾಯಿಂದ ಬಾಯಿಗೆ, ಫ್ಯಾಕ್ಟರಿಯಿಂದ ಫ್ಯಾಕ್ಟರಿಗೆ ಹೋಯಿತು. ನಾವು ಹರಟೆ ಅಂತ ಹೀಯಾಳಿಸುವ ಮಾತಿಗೆ ಆ ಶಕ್ತಿ ಇತ್ತು. ಲಾಠಿ ಬಿತ್ತು, ಅಶ್ರುವಾಯು ಬಿತ್ತು, ನಗರದಲ್ಲಿ ಬಸ್ಸುಗಳು ಉರಿದವು, ಕೇಸುಗಳಾದವು. ೧೯ರ ಸಂಜೆಯೇ ದಿಲ್ಲಿ ಸರ್ಕಾರ ಆದೇಶವನ್ನು ವಾಪಸ್ ಪಡೆಯಿತು. ಇಡೀ ದೇಶದ ಕಾರ್ಮಿಕರ ಪಿಎಫ್ ಉಳಿಸಿದ್ದು ಬೆಂಗಳೂರಿನ ಈ ಹೆಂಗಸರು.

ಆ ಎರಡು ದಿನ ಅವರ ಹುಟ್ಟುಗುಣ ಎಲ್ಲಿಗೆ ಹೋಗಿತ್ತು? ಎಲ್ಲಿಗೂ ಹೋಗಿರಲಿಲ್ಲ, ಇದ್ದರೆ ತಾನೆ ಹೋಗೋದು. ಒಬ್ಬೊಬ್ಬಳೇ ಲೈನಿನಲ್ಲಿ ಕೂತಾಗ ‘ಸಾರ್’ ಅಂದವರು ಸಾವಿರ ಜನ ಒಟ್ಟಿಗೆ ನಿಂತಾಗ ಸರ್ಕಾರಕ್ಕೇ ಏಕವಚನ ಹಾಕಿದರು. ಆದರೆ ಆಮೇಲೆ ಮಾತು ಮತ್ತೆ ಗಂಡಸರ ಕೈಗೇ ಬಂತು. ಹಿಂದೆ ಯಾರೋ ಇದ್ದಾರೆ, ಹೆಂಗಸರು ತಾವಾಗೇ ಇಷ್ಟೆಲ್ಲ ಮಾಡುತ್ತಾರೆಯೇ ಅನ್ನುವ ಅನುಮಾನ ಬಂತು. ಅವರು ತಿರುಗಿ ಅದೇ ಮಿಷನ್ನಿಗೆ, ಅದೇ ಟಾರ್ಗೆಟ್ಟಿಗೆ ಹೋದರು.

ಇದರಲ್ಲಿ ನಮ್ಮ ಪಾಲೂ ಇದೆ. ನಮ್ಮ ಸಂಘದ ಸಭೆಗಳಲ್ಲಿ ವೇದಿಕೆ ಮೇಲೆ ಯಾರು, ಜಮಖಾನ ಹಾಸಿ ಟೀ ಕಾಯಿಸುವವರು ಯಾರು? ಒಬ್ಬ ಅಕ್ಕ ಎದ್ದು ಮಾತಾಡಿದರೆ ‘ಬೇಗ ಮುಗಿಸಮ್ಮ’ ಅನ್ನುವವರು ಯಾರು? ೧೯೮೭ರ ಚುನಾವಣೆಯಿಂದ ಕರ್ನಾಟಕದ ಪಂಚಾಯ್ತಿಗಳಲ್ಲಿ ಹೆಂಗಸರಿಗೆ ಕಾಲುಭಾಗ ಸ್ಥಾನ ಬಂತು, ೨೦೧೦ರಲ್ಲಿ ಅದು ಅರ್ಧವಾಯಿತು. ಎಷ್ಟೋ ಕಡೆ ಮಾತಾಡುವವನು ಇನ್ನೂ ‘ಅಧ್ಯಕ್ಷೆ ಗಂಡ’. ಕುರ್ಚಿ ಬಂದರೂ ಮಾತು ತಾನಾಗಿ ಬರಲ್ಲ, ಎದುರಿಗಿರುವವನು ತಗ್ಗಬೇಕು.

ಮೇಷ್ಟ್ರುಗಳಿಗೆ, ವಿದ್ಯಾರ್ಥಿಗಳಿಗೆ ಒಂದೇ ಕೋರಿಕೆ. ಕಿತ್ತಯ್ಯನ ಕಲ್ಲನ್ನು ಓದಿ, ಓದಿಸಿ. ಜೊತೆಗೆ ನಿಮ್ಮ ಊರಿನಿಂದ ಬೆಂಗಳೂರಿಗೆ ಗಾರ್ಮೆಂಟ್ಸಿಗೆ ಹೋದ ಅಕ್ಕ, ಚಿಕ್ಕಮ್ಮ ಇದ್ದರೆ ಹಬ್ಬಕ್ಕೆ ಬಂದಾಗ ಹತ್ತಿರ ಕೂತು ಕೇಳಿ. ಆ ಏಪ್ರಿಲ್‌ನಲ್ಲಿ ಎಲ್ಲಿದ್ದಿರಿ, ಯಾರು ಮೊದಲು ಎದ್ದರು, ಏನು ಕೂಗಿದಿರಿ ಅಂತ. ಅವರ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. ನಡುವೆ ಗಂಡಸರು ಬಾಯಿ ಹಾಕಿದರೆ ‘ಸ್ವಲ್ಪ ಸುಮ್ನಿರಿ’ ಅನ್ನಿ.